ನಾಲ್ಕು ಖಾನೆಗಳಲ್ಲಿ ‘ಇಲ್ಲ’

ಅತ್ತಿಗೆಯ ಕಾಯಿಲೆ ಗೊತ್ತಾದ ಮೇಲೆ ಅಣ್ಣ ನೆಂಟರಿಗೆಲ್ಲ ಫೋನಿನಲ್ಲಿ ಹೇಳುತ್ತಿದ್ದ ಮಾತು ಒಂದೇ. “ನನ್ನ ತಂಗಿಯೇ ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿದ್ಲು. ಆಗಲೂ ಇವಳು ಬಾಯಿ ಬಿಡಲಿಲ್ಲ ನೋಡಿ.”

ಆ ತಂಗಿ ನಾನು. ನಾನು ಕೇಳಿರಲಿಲ್ಲ.

ನನ್ನ ಕೆಲಸ ಆಸ್ಪತ್ರೆಯೊಂದರ ಸ್ತನ ತಪಾಸಣೆ ವಿಭಾಗದ ಫೋನ್ ಮೇಜಿನಲ್ಲಿ. ನಲವತ್ತೈದು ದಾಟಿದ ಹೆಂಗಸರನ್ನು ಎರಡು ವರ್ಷಕ್ಕೊಮ್ಮೆ ಕರೆಸುತ್ತೇವೆ, ಎಕ್ಸ್‌ರೇ ತೆಗೆದು ಕಳಿಸುತ್ತೇವೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಏನೂ ಇರುವುದಿಲ್ಲ. ಹೆದರಿಸದೆ ಕರೆಸುವುದಕ್ಕೂ ಹೆದರಿಸದೆ ಕಳಿಸುವುದಕ್ಕೂ ಮಾತು ಗೊತ್ತಿರಬೇಕು. ಮಾತಿನ ವಿಷಯದಲ್ಲಿ ನಾನು ಸ್ವಲ್ಪ ಅತಿ. ಕಾಲೇಜಿನಲ್ಲಿ ಭಾಷೆ ಓದಿದವಳು; ಎರಡು ಸಾಲಿನ ರಜೆ ಅರ್ಜಿಯನ್ನೂ ಮೂರು ಸಲ ತಿದ್ದುತ್ತೇನೆ. ಅತ್ತಿಗೆ ನನ್ನನ್ನು ಕರೆಯುವುದೇ ‘ನಿಘಂಟು’ ಎಂದು.

ಸೋಂಕು ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ನಮ್ಮ ವಿಭಾಗವನ್ನೂ ಬಹುಪಾಲು ಮುಚ್ಚಿದರು. ಪೂರ್ತಿ ಅಲ್ಲ. ಮಂಗಳವಾರ, ಶುಕ್ರವಾರ ಬೆಳಗ್ಗೆ ಒಂದು ಕೋಣೆ ತೆರೆದಿರುತ್ತಿತ್ತು, ಏನಾದರೂ ಲಕ್ಷಣ ಇರುವವರಿಗೆ ಮಾತ್ರ. ಉಳಿದವರನ್ನೆಲ್ಲ ಮುಂದಕ್ಕೆ ಹಾಕಬೇಕು. ಯಾರನ್ನು ಮುಂದಕ್ಕೆ ಹಾಕಬಹುದು, ಯಾರನ್ನು ಹಾಕಬಾರದು ಎಂದು ತಿಳಿಯಲು ದೊಡ್ಡ ಸಿಸ್ಟರ್ ನನಗೊಂದು ಪಟ್ಟಿ ಕೊಟ್ಟರು. ದೊಡ್ಡ ಸಿಸ್ಟರ್ ಎಂದರೆ ನಮ್ಮ ವಿಭಾಗದ ಹಿರಿಯ ನರ್ಸು. ನಮಗೆಲ್ಲ ಅವರೇ ಕಾನೂನು. ಪ್ರತಿ ಹೆಸರಿನ ಮುಂದೆ ನಾಲ್ಕು ಖಾನೆ, ನಾಲ್ಕು ಪ್ರಶ್ನೆ. ಗಂಟು ಕೈಗೆ ಸಿಗುತ್ತಿದೆಯೇ? ತೊಟ್ಟಿನಿಂದ ಏನಾದರೂ ಸ್ರವಿಸುತ್ತಿದೆಯೇ? ಚರ್ಮ ಒಳಕ್ಕೆ ಎಳೆದಂತಿದೆಯೇ? ಕಂಕುಳಲ್ಲಿ ಊತವಿದೆಯೇ?

“ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳು” ಎಂದಿದ್ದರು ದೊಡ್ಡ ಸಿಸ್ಟರ್. “ಒಂದಕ್ಕೆ ಹೌದು ಅಂದ್ರೂ ಅದೇ ವಾರ ಬರಬೇಕು. ತಿಳೀತಾ? ಹೆದರಿದ್ರೆ ಹೆದರಲಿ.”

ಮೊದಲ ಎರಡು ವಾರ ಹಾಗೆಯೇ ಕೇಳಿದೆ. ಮನೆಯಿಂದಲೇ, ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು, ಕಿಟಕಿ ಮುಚ್ಚಿಕೊಂಡು, ದಿನಕ್ಕೆ ನಲವತ್ತು ಕರೆ. ಆದರೆ ಅತ್ತ ಕಡೆಯವರಿಗೆ ನನ್ನ ಪ್ರಶ್ನೆಗಳಿಗಿಂತ ಆಸ್ಪತ್ರೆ ಎಂಬ ಶಬ್ದವೇ ದೊಡ್ಡದಾಗಿ ಕೇಳಿಸುತ್ತಿತ್ತು.

“ಆಸ್ಪತ್ರೆಗಾ? ಅಯ್ಯೋ, ಇಲ್ಲದ್ದನ್ನ ಅಂಟಿಸ್ಕೊಂಡು ಬರೋಕಾ?”

“ನೀವೇ ಅಲ್ವಾ ಮನೇಲಿರಿ ಮನೇಲಿರಿ ಅಂತ ಬಡ್ಕೊಳ್ತಿರೋದು, ಈಗ ನೀವೇ ಕರೀತೀರಾ?”

ಇವರು ಪರವಾಗಿಲ್ಲ. ನನ್ನನ್ನು ಸೋಲಿಸಿದವರು ಒಳ್ಳೆಯವರು. “ಪಾಪ, ನಿಮಗೇ ಕೈತುಂಬ ಕೆಲಸ. ನಮ್ಮದೇನು ಅವಸರ ಇಲ್ಲಮ್ಮ. ಸಾಯ್ತಾ ಇರೋರನ್ನ ನೋಡ್ಕೊಳ್ಳಿ ಮೊದಲು” ಎನ್ನುತ್ತಿದ್ದರು. ಯಾರಿಗೆ ತಮ್ಮ ಬಗ್ಗೆ ಕೇಳಿಕೊಳ್ಳಲು ಸಂಕೋಚವೋ ಅವರೇ ಎಲ್ಲರಿಗಿಂತ ಬೇಗ ಫೋನ್ ಇಡುತ್ತಿದ್ದರು.

ನನಗೂ ಹೆದರಿಕೆಯಿತ್ತು. ತರಕಾರಿಯನ್ನು ಸೋಪು ನೀರಿನಲ್ಲಿ ತೊಳೆಯುತ್ತಿದ್ದೆ. ಬಾಗಿಲ ಹಿಡಿಯನ್ನು ದಿನಕ್ಕೆ ಆರು ಸಲ ಒರೆಸುತ್ತಿದ್ದೆ. ಅಣ್ಣನ ಮನೆಗೆ ಫೋನ್ ಮಾಡಿದಾಗಲೆಲ್ಲ, “ಆಸ್ಪತ್ರೆ ಕಡೆ ಮಾತ್ರ ತಲೆ ಹಾಕಬೇಡಿ, ಏನಿದ್ದರೂ ನನ್ನನ್ನು ಕೇಳಿ” ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳೇ ಹೀಗೆಂದ ಮೇಲೆ ಯಾರು ತಾನೇ ಅತ್ತ ಹೋಗುತ್ತಾರೆ?

ಮೂರನೇ ವಾರದ ಹೊತ್ತಿಗೆ ನಾಲ್ಕು ಪ್ರಶ್ನೆಗಳನ್ನು ನಾನು ಒಂದು ಮಾಡಿದ್ದೆ. “ಬೇರೆ ತೊಂದರೆ ಏನೂ ಇಲ್ಲವಲ್ಲ?” ಎಂದು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದರು. ನಾಲ್ಕು ಖಾನೆಗಳಲ್ಲೂ ‘ಇಲ್ಲ’ ಬರೆಯುತ್ತಿದ್ದೆ. ಕೇಳುವವರಿಗೆ ಮುಜುಗರವಿಲ್ಲ, ಹೇಳುವವರಿಗೆ ಭಯವಿಲ್ಲ, ಕರೆ ಬೇಗ ಮುಗಿಯುತ್ತದೆ. ಒಳ್ಳೆಯ ಮಾತು ಕಂಡುಹಿಡಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೂ ಉಂಟು. ಅದನ್ನೂ ಇಲ್ಲಿ ಬರೆಯಬೇಕು.

ನಾಲ್ಕನೇ ವಾರದ ಒಂದು ಮಧ್ಯಾಹ್ನ ಪಟ್ಟಿಯಲ್ಲಿ ಅತ್ತಿಗೆಯ ಹೆಸರು ಬಂತು.

ಅತ್ತಿಗೆ ಶಾಲೆಯ ಸಮವಸ್ತ್ರ ಹೊಲಿಯುವವರು. ಶಾಲೆಗಳು ಮುಚ್ಚಿದ ಮೇಲೆ ಮಾಸ್ಕ್ ಹೊಲಿಯುತ್ತಿದ್ದರು. ಕೈ ಬಿಡುವಿಲ್ಲವೆಂದು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿ ಮಷೀನಿನ ಪಕ್ಕ ಇಟ್ಟಿರುತ್ತಾರೆ.

“ಏನಮ್ಮಾ ನಿಘಂಟು, ಊಟ ಆಯ್ತಾ?”

“ಆಯ್ತು ಅತ್ತಿಗೆ. ಆಫೀಸಿನ ಕೆಲಸಕ್ಕೇ ಮಾಡಿದ್ದು. ನಿಮ್ಮ ತಪಾಸಣೆ ಈ ತಿಂಗಳಿತ್ತಲ್ಲ, ಅದು ಮುಂದಕ್ಕೆ ಹೋಗಿದೆ.”

“ಹೋಗ್ಲಿ ಬಿಡು. ಊರೆಲ್ಲ ಉಸಿರಿಗೆ ಒದ್ದಾಡ್ತಿದೆ, ನಾನು ಹೋಗಿ ಎದೆ ತೋರಿಸ್ಕೊಂಡು ಕೂತ್ಕೊಳ್ಳಲಾ?”

“ಏನೇ ಅದು?” ಎಂದು ಹಿಂದಿನಿಂದ ಅಣ್ಣನ ದನಿ ಕೇಳಿತು.

“ನಿಮಗಲ್ಲ. ನೀವು ಟೀವಿ ನೋಡಿ, ಇನ್ನೆಷ್ಟು ಜನಕ್ಕೆ ಬಂತು ಅಂತ ಲೆಕ್ಕ ಹಾಕಿ.”

ನಾನು ನಕ್ಕೆ. ಮಷೀನಿನ ಸದ್ದು ನಿಂತಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು” ಎಂದರು.

“ಹೇಳಿ ಅತ್ತಿಗೆ.”

“ಏನಿಲ್ಲ. ಬಿಡು, ಇವತ್ತಲ್ಲ. ನಿನಗೂ ಕೆಲಸ ಇರುತ್ತೆ.”

“ಸಂಜೆ ಮಾಡ್ತೀನಿ” ಎಂದೆ.

ಅಣ್ಣನ ಕಿವಿಗೆ ಬೀಳುವಂತೆ ತೊಟ್ಟು, ಸ್ರಾವ ಎಂದೆಲ್ಲ ಕೇಳಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ನಿಜ. ಅದೊಂದೇ ಕಾರಣವಾಗಿದ್ದರೆ ಸ್ಪೀಕರ್ ತೆಗೆಯಿರಿ ಎನ್ನಬಹುದಿತ್ತು. ಇನ್ನೂ ಹದಿನೇಳು ಹೆಸರು ಬಾಕಿಯಿದ್ದವು. ಅತ್ತಿಗೆ ಹೌದು ಎಂದುಬಿಟ್ಟರೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವಳು ನಾನೇ ಎಂಬುದು ನನ್ನ ತಲೆಗೆ ಹೊಳೆದಿತ್ತು. ಅವರು ಸುಮ್ಮನಾದಾಗಲೇ ಹೊಳೆದಿತ್ತು. ಯಾರು ಎಲ್ಲಿ ಮಾತು ನುಂಗಿದರೂ ನನಗೆ ಕೇಳಿಸುತ್ತದೆ. ಹುಟ್ಟಿದಾಗಿನಿಂದ ನಾನು ಮಾಡಿಕೊಂಡು ಬಂದದ್ದೇ ಅದು. ಕೇಳಿಸಿಯೂ ನಾನು ಪೆನ್ನು ತೆಗೆದುಕೊಂಡು ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಬರೆದೆ. ಮನೆಯವರಲ್ಲವೇ, ಇದ್ದರೆ ಹೇಳುತ್ತಿರಲಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರಿಗೆ ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನೂ ಅವರಿಗೆ ಕೇಳಲಿಲ್ಲ.

ಸಂಜೆ ಫೋನ್ ಮಾಡಿದೆ. ಮಾಸ್ಕಿಗೆ ಎಲಾಸ್ಟಿಕ್ ಸಿಗುತ್ತಿಲ್ಲ, ದಾರ ಕಟ್ಟಿದರೆ ಜನ ಬೈಯುತ್ತಾರೆ ಎಂದು ಅತ್ತಿಗೆ ಹೇಳಿದರು. ಮಧ್ಯಾಹ್ನದ ಮಾತನ್ನು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಫೋನ್ ಇಟ್ಟಾಗ ನನಗೆ ನಿರಾಳವಾಯಿತು.

ಹದಿನೈದು ತಿಂಗಳಾದ ಮೇಲೆ ಅತ್ತಿಗೆ ಕತ್ತರಿ ಹಿಡಿದರೆ ಕಂಕುಳು ನೋಯುತ್ತದೆ ಎಂದರು. ಅಷ್ಟು ಹೊತ್ತಿಗೆ ಅಂಗಡಿ, ಶಾಲೆ ಎಲ್ಲ ತೆರೆದಿದ್ದವು. ನಾನೇ ಕರೆದುಕೊಂಡು ಹೋದೆ, ಅಣ್ಣನೂ ಬಂದ. ಸೂಜಿ ಹಾಕಿ ತೆಗೆದ ಚೂರಿನ ವರದಿ ಬರಲು ಒಂಬತ್ತು ದಿನ ಹಿಡಿಯಿತು. ವರದಿಯ ದಿನ ವೈದ್ಯೆ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಗಂಟು ದೊಡ್ಡದಾಗಿದೆ, ಕಂಕುಳಿಗೂ ಹೋಗಿದೆ, ಮೊದಲು ಔಷಧ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್. ಹೇಳುತ್ತ ಹೇಳುತ್ತ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆಗೆದರು.

“ಹೋದ ವರ್ಷ ನಮ್ಮವರು ಫೋನ್ ಮಾಡಿದಾಗ ನಾಲ್ಕಕ್ಕೂ ಇಲ್ಲ ಅಂದಿದ್ದೀರಿ. ಆಗ ನಿಜವಾಗಿ ಏನೂ ಇರಲಿಲ್ವಾ?”

ಅತ್ತಿಗೆ ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. ನನ್ನ ಕೊರಳಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ನೇತಾಡುತ್ತಿತ್ತು.

“ಇತ್ತು” ಎಂದರು ಅವರು. “ಸಣ್ಣದೊಂದಿತ್ತು. ನಾನೇ ಇಲ್ಲ ಅಂದುಬಿಟ್ಟೆ.”

ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟ. ನಾನು ಬಾಯಿ ತೆರೆಯಲಿಲ್ಲ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಏನು ಕೆಟ್ಟರೂ ಎಲ್ಲಿ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ಬೆರಳಿಟ್ಟು ತೋರಿಸುವವರೆಗೆ ಅವನಿಗೆ ಸಮಾಧಾನವಿಲ್ಲ. ಈಗ ತೋರಿಸಲು ಹೆಂಡತಿ ಸಿಕ್ಕಿದ್ದಳು. ಊಟಕ್ಕೆ ಕುಳಿತರೂ ಅದೇ, ಔಷಧ ತರಲು ಹೊರಟರೂ ಅದೇ. “ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತು.” ಅವನ ಭಯವೇ ಹಾಗೆ ಕೋಪವಾಗಿ ಹೊರಬರುತ್ತಿದೆ ಎಂದು ನನಗೆ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಅವರು ಉತ್ತರ ಕೊಡುತ್ತಿರಲಿಲ್ಲ. ಮೊದಲಾದರೆ ಅವನ ಒಂದು ಮಾತಿಗೆ ಮೂರು ಕೊಡುತ್ತಿದ್ದವರು.

ಮೂರನೇ ಸಲದ ಔಷಧ ಏರಿಸಿಕೊಂಡು ಬಂದ ವಾರ ದೊಡ್ಡಮ್ಮ ನೋಡಲು ಬಂದರು. ಅವರು ನಮ್ಮ ಅಮ್ಮನ ಅಕ್ಕ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕುಳಿತರು. ಅತ್ತಿಗೆ ಮಂಚದ ಮೇಲೆ ಗೋಡೆಗೆ ಒರಗಿದ್ದರು, ತಲೆಗೆ ಸಮವಸ್ತ್ರದ ನೀಲಿ ಬಟ್ಟೆ ಸುತ್ತಿಕೊಂಡು.

“ಈ ಬಟ್ಟೆ ಏನೇ, ಶಾಲೆಗೆ ಹೊರಟ ಹಾಗಿದೆ” ಎಂದರು ದೊಡ್ಡಮ್ಮ.

“ಹೌದು ದೊಡ್ಡಮ್ಮ, ಫೇಲಾದೆ. ಮತ್ತೆ ಒಂದನೇ ಕ್ಲಾಸಿಗೆ ಹಾಕಿದ್ದಾರೆ.”

ದೊಡ್ಡಮ್ಮ ನಗಲಿಲ್ಲ. “ಅಲ್ಲ ಕಣೇ, ಮನೇಲೇ ಆಸ್ಪತ್ರೆಯೋಳನ್ನ ಇಟ್ಕೊಂಡು ಹೀಗಾ ಮುಚ್ಚಿಡೋದು? ನಾದಿನಿ ಬಾಯಿಬಿಟ್ಟು ಕೇಳಿದ್ರೂ ಇಲ್ಲ ಅಂದೆಯಂತೆ? ಗಂಡ, ಮನೆ ಅಂತ ಯೋಚನೆ ಬೇಡ್ವಾ?”

“ಅದನ್ನೇ ನಾನೂ ಬಡ್ಕೊಳ್ತಿರೋದು” ಎಂದ ಅಣ್ಣ.

ಅತ್ತಿಗೆ ಹೊದಿಕೆಯ ಅಂಚಿನಿಂದ ಒಂದು ಎಳೆಯನ್ನು ಎಳೆಯುತ್ತಿದ್ದರು. ಅದು ಉದ್ದಕ್ಕೆ ಬರುತ್ತಲೇ ಇತ್ತು. ಹೊಲಿಗೆ ಬಲ್ಲವರು ಹಾಗೆ ಎಳೆ ಎಳೆಯುವುದನ್ನು ನಾನು ಎಂದೂ ನೋಡಿರಲಿಲ್ಲ.

“ನಾನು ಕೇಳಿಲ್ಲ” ಎಂದೆ.

ದೊಡ್ಡಮ್ಮ ನನ್ನತ್ತ ತಿರುಗಿದರು. “ಏನಂದೆ?”

“ಅತ್ತಿಗೆಯನ್ನ ನಾನು ಏನೂ ಕೇಳಿಲ್ಲ. ಫೋನ್ ಮಾಡಿದ್ದು ನಿಜ. ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಕೇಳದೆ ಇಲ್ಲ ಅಂತ ಬರೆದೆ.”

“ಕಾಗದದಲ್ಲಿದೆಯಲ್ಲ?” ಎಂದ ಅಣ್ಣ. ಕಾಗದ ಸುಳ್ಳಾಗುವುದು ಅವನಿಗೆ ಅರ್ಥವಾಗುತ್ತಿರಲಿಲ್ಲ.

“ಆ ಕಾಗದ ಬರೆದವಳು ನಾನೇ ಅಣ್ಣ.”

ಮೂರು ಸಲ ತಿದ್ದಿದ ಮಾತುಗಳು ನನ್ನಲ್ಲಿ ಸಿದ್ಧವಿದ್ದವು. ಕೆಲಸದ ಒತ್ತಡ, ಆ ದಿನಗಳ ಹೆದರಿಕೆ, ಸ್ಪೀಕರಿನ ಮುಜುಗರ. ಒಂದೂ ಆಡಲಿಲ್ಲ. ಆಡಿದ್ದರೆ ಎಲ್ಲವೂ ನಿಜವೇ ಆಗಿರುತ್ತಿತ್ತು.

ಅಣ್ಣ ನನ್ನನ್ನು ಬೈಯಲಿಲ್ಲ. ಹೆಂಡತಿಯ ಕಡೆ ತಿರುಗಿ, “ಮತ್ತೆ ಡಾಕ್ಟರ್ ಮುಂದೆ ನೀನೇ ಇಲ್ಲ ಅಂದೆ ಅಂತ ಯಾಕೆ ಹೇಳಿದೆ?” ಎಂದ.

“ಇವಳ ಕೆಲಸ ಹೋಗ್ತಿತ್ತು. ನನ್ನ ಗಂಟು ಹೋಗ್ತಿತ್ತಾ?”

ಅವನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ದೊಡ್ಡಮ್ಮ ಮಾಸ್ಕನ್ನು ಮೇಲೇರಿಸಿಕೊಂಡು, ತಂದಿದ್ದ ಹಣ್ಣುಗಳನ್ನು ಮೇಜಿನ ಮೇಲಿಟ್ಟು ಹೊರಟರು.

ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದೆ. ಅತ್ತಿಗೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

“ಹಗುರಾಯ್ತಾ?”

“ಇಲ್ಲ ಅತ್ತಿಗೆ.”

“ಆಗಬಾರದು ಕೂಡ.” ಅವರು ಏದುಸಿರು ಬಿಡುತ್ತಿದ್ದರು. “ನನಗೆ ಸುಸ್ತು. ಇನ್ನು ಅಣ್ಣ ತಂಗಿ ಮಾತು ಬಿಡ್ತೀರಿ, ನಿಮ್ಮಿಬ್ಬರನ್ನ ಕೂಡಿಸೋ ಕೆಲಸವೂ ನನ್ನ ತಲೆಗೇ ಬರುತ್ತೆ. ಅದಕ್ಕೇ ಸುಮ್ಮನಿದ್ದೆ.”

“ಅವತ್ತು ನೀವು ಕೇಳ್ಬೇಕು ಅಂದಿದ್ದು ಅದೇನಾ?”

“ಇನ್ನೇನು, ಎಲಾಸ್ಟಿಕ್ಕಾ?” ಎಂದರು. ಆಮೇಲೆ ಬೆರಳುಗಳನ್ನು ಕೂಡಿಸಿ ಅಳತೆ ತೋರಿಸಿದರು. “ಅಂಗಿಯ ಕಾಲರಿಗೆ ಹಾಕ್ತೀವಲ್ಲ, ಆ ಗುಂಡಿಯಷ್ಟಿತ್ತು. ನೀನು ಕೇಳಿದ್ರೆ ಹೇಳ್ತಿದ್ದೆನೋ ಇಲ್ವೋ, ನನಗೂ ಗೊತ್ತಿಲ್ಲ. ಇವರು ಪಕ್ಕದಲ್ಲಿದ್ರು. ದಿನಾ ಹೆಣ ತೋರಿಸ್ತಿದ್ರು ಟೀವೀಲಿ. ಇಷ್ಟಕ್ಕೆಲ್ಲ ಯಾಕೆ ಹೋಗೋದು ಅಂತ ನನಗೂ ಇತ್ತು. ಆದ್ರೆ ನೀನು ಕೇಳ್ಬೇಕಿತ್ತು. ನಿನ್ನ ಕೆಲಸ ಅದು.”

“ಹೌದು.”

“ಹೌದು ಅಂತ ನನ್ನ ಮುಂದೆ ನಿಂತ್ಕೊಂಡ್ರೆ ಏನು ಬಂತು? ನನ್ನೊಬ್ಬಳಿಗೇ ಹೀಗೆ ಬರೆದೆಯಾ?”

ನನ್ನ ಕೈಯಲ್ಲಿದ್ದ ಪಾತ್ರೆಯ ಮೇಲೆ ನೀರು ಸುರಿಯುತ್ತಲೇ ಇತ್ತು. ಅಷ್ಟು ದಿನ ನಾನು ಅತ್ತಿಗೆಯ ಬಗ್ಗೆ ಮಾತ್ರ ಯೋಚಿಸಿದ್ದೆ, ನನ್ನ ಬಗ್ಗೆ ಯೋಚಿಸಿದ್ದೆ. ಪಟ್ಟಿಯ ಉಳಿದ ಹೆಸರುಗಳ ಬಗ್ಗೆ ಯೋಚಿಸಿರಲಿಲ್ಲ ಎಂದರೆ ಅದು ಸುಳ್ಳು. ಯೋಚನೆ ಆ ಕಡೆ ಹೊರಟಾಗಲೆಲ್ಲ ತಿರುಗಿಸಿ ಕರೆತಂದಿದ್ದೆ.

ಮರುದಿನ ಬೆಳಗ್ಗೆ ದೊಡ್ಡ ಸಿಸ್ಟರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾವ ವಾರದಿಂದ?”

“ಮೂರನೇ ವಾರದಿಂದ.”

“ನಾನು ಬಿಡಿಬಿಡಿಯಾಗಿ ಅಂದಿದ್ದೆ.”

“ಅಂದಿದ್ದಿರಿ.”

ಮುಂದೂಡಿದವರನ್ನು ಸರದಿಯ ಪ್ರಕಾರ ಮತ್ತೆ ಕರೆಸುತ್ತಿದ್ದರು. ಸರದಿ ಇನ್ನೂ ಅರ್ಧ ದಾರಿಯಲ್ಲಿತ್ತು. ದೊಡ್ಡ ಸಿಸ್ಟರ್ ನನ್ನ ಅಕ್ಷರವಿದ್ದ ಪಟ್ಟಿಗಳನ್ನೆಲ್ಲ ತರಿಸಿ, ಬಂದು ಹೋದವರ ಹೆಸರುಗಳನ್ನು ತಾವೇ ಹೊಡೆದುಹಾಕಿದರು. ನಾನೂರ ಹನ್ನೆರಡು ಹೆಸರು ಉಳಿದವು. ಅವರನ್ನೆಲ್ಲ ಈ ವಾರದಿಂದಲೇ ಕರೆ ಮಾಡಿ ಕೇಳಬೇಕು ಎಂದರು.

“ನಾನೇ ಮಾಡ್ತೀನಿ ಸಿಸ್ಟರ್. ಭಾನುವಾರವೂ ಬರ್ತೀನಿ.”

“ನೀನು ಬೇಡ” ಎಂದರು ಅವರು. ಗದರಲಿಲ್ಲ. “ನಿನ್ನ ಮಾತು ತುಂಬ ನಯ. ಅದೇ ಕಷ್ಟ.”

ವಿವರಣೆ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ, ಒಂದೇ ಸಲ, ತಿದ್ದದೆ. ವಿಚಾರಣೆ ಮುಗಿಯುವವರೆಗೆ ನನ್ನನ್ನು ಕಡತಗಳ ಕೋಣೆಗೆ ಹಾಕಿದರು. ಫೋನ್ ಮೇಜಿಗೆ ಬಂದವಳು ರಕ್ತ ಪರೀಕ್ಷೆಯ ವಿಭಾಗದ ದಪ್ಪ ದನಿಯ ಹುಡುಗಿ. ಹಲಗೆಯ ಗೋಡೆಯಾಚೆ ಅವಳು ಹಾಳೆ ನೋಡಿ ಓದುವುದು ನನಗೆ ಕೇಳುತ್ತದೆ. ಗಂಟು ಕೈಗೆ ಸಿಗುತ್ತಿದೆಯೇ? ತೊಟ್ಟಿನಿಂದ ಏನಾದರೂ ಸ್ರವಿಸುತ್ತಿದೆಯೇ? ಯಾವ ರಾಗವೂ ಇಲ್ಲ, ನಾಚಿಕೆಯೂ ಇಲ್ಲ. ಕೆಲವರು ಅವಳನ್ನು ಬೈಯುತ್ತಾರೆ. ಅವಳು ಮೂರನೆಯದನ್ನು ಓದುತ್ತಾಳೆ.

ಮೊದಲ ವಾರ ನೂರ ತೊಂಬತ್ತು ಕರೆ. ಹೌದು ಎಂದವರು ಐದು ಜನ. ಅವರ ಕಡತಗಳನ್ನು ಹುಡುಕಿ ತೆಗೆದವಳು ನಾನು.

ಅಣ್ಣ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಅತ್ತಿಗೆಯನ್ನು ಆಸ್ಪತ್ರೆಗೆ ಕರೆತಂದಾಗ ಅವರ ಚೀಲವನ್ನು ನನ್ನ ಕೈಗೆ ಕೊಡುತ್ತಾನೆ, ಅಷ್ಟೇ. ಆದರೆ ಹೆಂಡತಿಗೆ ಒಂದು ಮಾತು ಅನ್ನುವುದನ್ನು ನಿಲ್ಲಿಸಿದ್ದಾನೆ. ಹೋದ ವಾರ ಅತ್ತಿಗೆ ಅವನಿಗೆ, “ಲಿಫ್ಟ್ ಬೇಡ, ನೀವು ರಿಪೇರಿ ಮಾಡಿದ್ದಂತೆ, ನಂಬಿಕೆಯಿಲ್ಲ” ಎಂದಿದ್ದನ್ನು ಕೇಳಿಸಿಕೊಂಡೆ. ಔಷಧ ಪೂರ್ತಿ ಕೆಲಸ ಮಾಡಿದೆಯೇ ಎಂದು ಆಪರೇಷನ್ನಿಗೆ ಮೊದಲು ಯಾರೂ ಹೇಳಲಾರರು.

ಮಂಗಳವಾರ ಆ ಐವರಲ್ಲಿ ಮೊದಲನೆಯವರು ಬಂದರು. ಬಸ್ ಕಂಡಕ್ಟರ್. ಖಾಕಿಯ ಮೇಲೊಂದು ಶಾಲು ಹೊದ್ದಿದ್ದರು. ಡ್ಯೂಟಿಗೆ ಅಲ್ಲಿಂದಲೇ ಹೋಗಬೇಕಂತೆ. ನಾನು ಕಡತ ತಂದು ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಬಳಿ, “ನಿಮ್ಮದೇ ತಾನೇ?” ಎಂದು ಹೆಸರು ಓದಿದೆ. ಅವರ ಮುಖ ಅರಳಿತು.

“ನೀವಾ! ಈ ದನಿ ನನಗೆ ಗೊತ್ತು. ಲಾಕ್‌ಡೌನ್ ಟೈಮಲ್ಲಿ ಫೋನ್ ಮಾಡಿದ್ರಲ್ಲ?”

“ಹೌದು.”

“ದನಿ ಮರೆಯೋಳಲ್ಲ ನಾನು, ದಿನಾ ಸಾವಿರ ಜನರ ಹತ್ರ ಕಿರುಚಾಡ್ತೀನಿ. ಎಷ್ಟು ಚೆನ್ನಾಗಿ ಮಾತಾಡಿದ್ರಿ ಮೇಡಂ ಅವತ್ತು. ಆಗ ಎಲ್ಲರೂ ನಾಯಿ ಅಟ್ಟಿದ ಹಾಗೆ ಅಟ್ಟೋರು. ನೀವೊಬ್ಬರೇ ಸಮಾಧಾನವಾಗಿ ಮಾತಾಡಿದ್ದು. ಆ ಇಡೀ ದಿನ ನನಗೆ ಖುಷಿಯಿತ್ತು.”

ಅವರು ಸ್ವಲ್ಪ ಸರಿದು ಬೆಂಚಿನ ಮೇಲೆ ನನಗೂ ಜಾಗ ಮಾಡಿದರು. ನಾನು ಕೂರಲಿಲ್ಲ. ಕಡತದ ಮೇಲಿಟ್ಟಿದ್ದ ಪಟ್ಟಿಯ ಪ್ರತಿಯಲ್ಲಿ, ಅವರ ಹೆಸರಿನ ಮುಂದೆ, ನನ್ನ ದುಂಡು ಅಕ್ಷರದ ನಾಲ್ಕು ‘ಇಲ್ಲ’ಗಳಿದ್ದವು.

“ಅವತ್ತು ಗಂಟು ಇದೆಯಾ ಅಂತ ನಿಮ್ಮನ್ನ ಕೇಳಬೇಕಿತ್ತು” ಎಂದೆ. “ನಾನು ಕೇಳಲಿಲ್ಲ. ಕೇಳಿದೆ ಅಂತ ಬರೆದೆ. ತಪ್ಪು ನನ್ನದು.”

ಅವರ ಮುಖದಲ್ಲಿದ್ದ ನಗು ತಕ್ಷಣ ಹೋಗಲಿಲ್ಲ. ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಡತವನ್ನು ನೋಡಿದರು. ಒಳಗಿನಿಂದ ತಂತ್ರಜ್ಞೆ ಅವರ ಹೆಸರು ಕೂಗಿದಳು.

ಅವರು ಶಾಲು ತೆಗೆದು ಮಡಿಸಿ ಬೆಂಚಿನ ಮೇಲಿಟ್ಟರು.

“ಚಪ್ಪಲಿ ಇಲ್ಲೇ ಬಿಡಬೇಕಾ?” ಎಂದು ಕೇಳಿದರು.

“ಹೌದು, ಇಲ್ಲೇ” ಎಂದೆ.